ಫ್ಯಾಮಿಲಿ ಬರಲಿಲ್ವಾ?

"ಯುವರ್ ಫ್ಯಾಮಿಲಿ ನಾಟ್ ಕಮ್?"

ಯುಗಾದಿ ಊಟಕ್ಕೆ ಬಂದ ಪಕ್ಕದ ಮನೆಯ ವಾಲ್ಟರ್‌ಗೆ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ ಇದು. ಅತ್ತೆ ಮೈಸೂರಿನಿಂದ ಅಮೆರಿಕಕ್ಕೆ, ಡೆಟ್ರಾಯಿಟ್ ಹತ್ತಿರದ ನಮ್ಮ ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಬಂದು ಇನ್ನೂ ಎರಡು ವಾರ. ನಮ್ಮ ಕಡೆ ಫ್ಯಾಮಿಲಿ ಅಂದರೆ ಹೆಂಡತಿ ತಾನೇ?

ನಾನು ಹೋಳಿಗೆ ತಟ್ಟೆ ಹಿಡಿದೇ ಓಡಿಬಂದೆ. "ಅತ್ತೆ, ಅವ್ರು ಬ್ಯಾಚುಲರ್!" (ಮಿಕ್ಕದ್ದನ್ನು ಹಬ್ಬದ ದಿನ, ನಮ್ಮವರೆದುರು, ಬಿಡಿಸಿ ಹೇಳುವ ಧೈರ್ಯ ಯಾರಿಗಿದೆ?)

ಹೇಳಿದ್ದು ಕನ್ನಡದಲ್ಲೇ. ಆದರೆ 'ಬ್ಯಾಚುಲರ್' ಕನ್ನಡವಲ್ಲವಲ್ಲ! ವಾಲ್ಟರ್‌ಗೆ ಅದೊಂದೇ ಪದ ಅರ್ಥವಾಯಿತು. ಅವರ ಮುಖ ಸಣ್ಣಗಾಯಿತು.

ಅವರಿಗೆ ಎಂಬತ್ತು ದಾಟಿದೆ. ಹಿಂದೆ ಡೆಟ್ರಾಯಿಟ್ ಸುತ್ತಮುತ್ತ ಕಪ್ಪು ಜನ ಮನೆ ಕೊಳ್ಳಲು ಹೋದರೆ ಮಾರುವವರು "ಮಾರಿಹೋಯ್ತು" ಅನ್ನುತ್ತಿದ್ದರಂತೆ. ಅರ್ಧ ಗಂಟೆ ಬಿಟ್ಟು ಬಿಳಿಯ ವಾಲ್ಟರ್ ಹೋಗಿ ಅದೇ ಬಾಗಿಲು ತಟ್ಟುತ್ತಿದ್ದರು. ಆಗ "ಬನ್ನಿ, ಒಳಗೆ ನೋಡಿ!" ಅದನ್ನು ಬರೆದಿಟ್ಟು ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಿದ್ದರು. ಕಪ್ಪು ಜನರ ಹಕ್ಕಿನ ಮೆರವಣಿಗೆಗಳಲ್ಲಿ ಮಾತ್ರ ಅವರು ಕ್ಯಾಮೆರಾ ಹಿಂದೆ, ಬೇರೆಯವರ ಫೋಟೋ ತೆಗೆಯುತ್ತಾ. ಗಂಡಸನ್ನು ಪ್ರೀತಿಸುವವನು ಎಂದು ಗೊತ್ತಾದರೆ ಹೋರಾಟಕ್ಕೇ ಕೆಟ್ಟ ಹೆಸರು ಎಂದು ಜೊತೆಯವರೇ ಹೇಳಿದ್ದರಂತೆ. ಒಂದು ಫೋಟೋದಲ್ಲೂ ಅವರಿಲ್ಲ. ಇವತ್ತು ನಮ್ಮ ಬಣ್ಣದವರೂ ಇಲ್ಲಿ ಧಾರಾಳವಾಗಿ ಮನೆ ಕೊಳ್ಳುತ್ತಿದ್ದೇವೆ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ವಾಲ್ಟರ್ ಪರ್ಸಿನಿಂದ ಹಳೆಯ ಫೋಟೋ ತೆಗೆದು ಅತ್ತೆಯ ಕೈಗಿಟ್ಟರು. ನಗುತ್ತಿರುವ ಕಪ್ಪು ಮನುಷ್ಯ. "ಮೈ ಫ್ಯಾಮಿಲಿ. ಕ್ಲಾರೆನ್ಸ್. ಮೂವತ್ತೆಂಟು ವರ್ಷ ಒಟ್ಟಿಗಿದ್ವಿ. ತೀರಿಹೋಗಿ ಆರು ವರ್ಷ ಆಯ್ತು" ಎಂದರು, ಇಂಗ್ಲಿಷಿನಲ್ಲಿ, ಅತ್ತೆಗಾಗಿ ನಿಧಾನವಾಗಿ.

ಅತ್ತೆ ಫೋಟೋ ನೋಡಿದರು. ವಾಲ್ಟರ್ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮೂವತ್ತೆಂಟು ವರ್ಷ ಸಂಸಾರ ಮಾಡಿದೋರನ್ನ ಬ್ಯಾಚುಲರ್ ಅಂತೀಯಲ್ಲೇ! ಪಾಪ, ಈಗ ಊಟಕ್ಕೇನ್ಮಾಡ್ಕೋತಾರೆ ಕೇಳು."

ಕೇಳುವ ಮೊದಲೇ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಬಿತ್ತು, ಮೇಲೆ ಧಾರಾಳ ತುಪ್ಪ. ನನಗೆ ನಾಚಿಕೆಯಾಯಿತು.

ಊಟ ಮುಗಿದು ಗ್ರೂಪ್ ಫೋಟೋ. ವಾಲ್ಟರ್ ಅಭ್ಯಾಸಬಲದಿಂದ ನನ್ನ ಫೋನಿಗೆ ಕೈಚಾಚಿದರು. ಅತ್ತೆ ಆ ಕೈ ಹಿಡಿದು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು.

"ಯು ಸ್ಟ್ಯಾಂಡ್. ಕ್ಲಾರೆನ್ಸ್ ಆಲ್ಸೋ."

ವಾಲ್ಟರ್ ಆ ಪುಟ್ಟ ಫೋಟೋವನ್ನು ಎದೆಯ ಹತ್ತಿರ ಹಿಡಿದು ನಿಂತರು. ಕಣ್ಣು ತುಂಬಿತ್ತು, ಹಾಗೇ ನಕ್ಕರು.

ಕ್ಲಿಕ್ ಮಾಡಿದ್ದು ನಾನು. ಹಾಗಾಗಿ ಈ ವರ್ಷದ ಯುಗಾದಿ ಫೋಟೋದಲ್ಲಿ ಇಲ್ಲದವಳು ನಾನೊಬ್ಬಳೇ.

ಯಾರನ್ನಾದರೂ ಹೊರಗೆ ನಿಲ್ಲಿಸಲೇಬೇಕಿದ್ದರೆ, ಈ ಸಲ ಅತ್ತೆ ಸರಿಯಾದವಳನ್ನೇ ನಿಲ್ಲಿಸಿದ್ದಾರೆ, ಅಲ್ಲವೇ?