ಗೌರವ್ವ ಕೂಗಿದ ಹೆಸರು

೧೯೭೪ರ ಬೇಸಿಗೆ. ವಿಜಾಪುರದಲ್ಲಿ ಬಿ.ಎ. ಕೊನೆಯ ಪರೀಕ್ಷೆ ಮುಗಿಸಿ ಸಿಂದಗಿ ತಾಲೂಕಿನ ನಮ್ಮ ಊರಿಗೆ ಬಂದಿದ್ದೆ. ಕಾಕಾನ ಮಗಳು ಗೌರವ್ವನಿಗೆ ಚಡಚಣದ ಕಡೆಯ ಗಂಡು ಗೊತ್ತಾಗಿತ್ತು. ಅವಳು ಮಾತ್ರ, "ಲಗ್ನಾ ಒಲ್ಲೆ. ನಾ ಕಸ್ತೂರಿ ಕೂಡ ಇರ್ತೇನಿ," ಎಂದು ಪಟ್ಟು ಹಿಡಿದಿದ್ದಳು.

ಕಸ್ತೂರಿ ಎದುರುಮನೆಯವಳು, ಗಂಡ ಬಿಟ್ಟವಳು. ಇಬ್ಬರೂ ವರ್ಷಗಟ್ಟಲೆ ಒಟ್ಟಿಗೆ ಕೌದಿ ಹೊಲಿಯುತ್ತಿದ್ದರು. "ಏನವಾ, ನಿಮ್ಮಿಬ್ಬರ ಸಂಸಾರ ಹೆಂಗ ನಡದೈತಿ?" ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡಿದರೆ ಇವರಿಬ್ಬರೂ ನಗುತ್ತಿದ್ದರು. ಅದು ನಿಜವೆಂದು ತಿಳಿದ ದಿನ ಅದೇ ಹೆಂಗಸರು, "ಹುಡುಗಿಗೆ ಗಾಳಿ ಹಿಡದೈತಿ," ಎಂದರು.

ಗಾಳಿ ಬಿಡಿಸುವುದೆಂದರೆ ಮೆಣಸಿನಕಾಯಿ ಹೊಗೆ. ಉಸಿರುಗಟ್ಟಿದ ದೆವ್ವ ತನ್ನ ಹೆಸರು ಹೇಳಿ ಹೋಗುತ್ತದೆಂಬ ನಂಬಿಕೆ. ಆ ಮಧ್ಯಾಹ್ನ ನಾನು ನೀರು ತರುವಷ್ಟರಲ್ಲಿ ಗೌರವ್ವನನ್ನು ಕೋಣೆಯಲ್ಲಿ ಕೂಡಿಹಾಕಿ, ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು ಹೊರಗಿನಿಂದ ಚಿಲಕ ಹಾಕಿದ್ದರು. ಮಂತ್ರ ಹಾಕುವ ಮುದುಕ ಬಾಗಿಲು ಬಡಿಯುತ್ತಿದ್ದ. "ಯಾರ ನೀ? ಹೆಸರ ಹೇಳು!"

ಒಳಗೆ ಕೆಮ್ಮು. ಆಮೇಲೆ ಚೀರಾಟ: "ಕಸ್ತೂರಿ! ಏ ಕಸ್ತೂರಿ!"

ಜೀವ ಉಳಿಸೆಂದು ಅವಳು ಕೂಗಿದ್ದಳು. ದೆವ್ವವೇ ಹೆಸರು ಹೇಳಿತೆಂದುಕೊಂಡ ಮುದುಕ, "ಬಾಯಿ ಬಿಡ್ತು ನೋಡ್ರಿ. ಇನ್ನೊಂದು ಬೊಗಸಿ ಹಾಕ್ರಿ," ಎಂದ. ಕಾಕಾ ಬಾಗಿಲು ಅರ್ಧ ತೆರೆದು ಮತ್ತಷ್ಟು ಎರಚಿದರು.

"ಕಾಕಾ, ಸಾಯ್ತಾಳ ಆಕಿ!" ಎಂದು ಚಿಲಕಕ್ಕೆ ಕೈ ಹಾಕಿದೆ. ಅವರು ನನ್ನನ್ನು ನೂಕಿದರು. "ನಾಕ ಅಕ್ಷರ ಕಲತು ನನಗ ಹೇಳಾಕ ಬಂದಿ?"

ಕೆಮ್ಮು ನಿಂತಿತು. "ಗಾಳಿ ಬಿಡ್ತು," ಎಂದ ಮುದುಕ. ಅಂಗಳದಲ್ಲಿದ್ದವರು ಕೈ ಮುಗಿದರು!

ಅಷ್ಟರಲ್ಲಿ ಕೂಗು ಕೇಳಿದ್ದ ಕಸ್ತೂರಿ ಒನಕೆ ಹಿಡಿದು ಓಡಿಬಂದಳು. "ಕಸ್ತೂರಿ ಅಂದ್ರ ನಾ ಅದೀನಿ! ಹೊಗಿ ನನಗ ಹಾಕ್ರಿ. ಮೊದಲ ಬಾಗಲಾ ಬಿಡ್ರಿ!" ಒನಕೆ ಎತ್ತಿದ್ದಕ್ಕೆ ಜನ ಹಿಂದೆ ಸರಿದರು. ನಾನು ಚಿಲಕ ತೆಗೆದೆ. ಇಬ್ಬರೂ ಗೌರವ್ವನನ್ನು ಹೊರಗೆ ಎಳೆದೆವು. ತುಟಿ ನೀಲಿಗಟ್ಟಿತ್ತು. ಎಷ್ಟೋ ಹೊತ್ತಿಗೆ ಒಂದು ಉಸಿರು ಬಂತು.

ಜೀವ ಉಳಿಯಿತು. ಲಗ್ನವೂ ಆಯಿತು, ಅದೇ ತಿಂಗಳು. ಕಸ್ತೂರಿಯನ್ನು ಅವಳ ಅಣ್ಣಂದಿರು ಹೊಡೆದು ಮುದ್ದೇಬಿಹಾಳದ ಸೋದರಮಾವನ ಮನೆಗೆ ಅಟ್ಟಿದರು.

ಪಂಚಮಿಗೆ ತವರಿಗೆ ಬಂದ ಗೌರವ್ವ ಕರೆದಲ್ಲಿಗೆ ಬಂದು, ಕೊಟ್ಟದ್ದು ಉಂಡು, ಗೋಡೆಗೆ ಒರಗಿ ಕೂತಿದ್ದಳು. "ನೋಡವಾ, ಎಷ್ಟ ಶಾಣ್ಯಾ ಆಗ್ಯಾಳ," ಎಂದು ಅವಳ ತಾಯಿ, ನನ್ನ ಕಾಕು, ಹೆಮ್ಮೆಪಟ್ಟಳು.

ಹೊಗೆ ಹಾಕಿದವರು ಕೆಟ್ಟವರಲ್ಲ, ಅವಳನ್ನು ಎತ್ತಿ ಆಡಿಸಿದವರೇ ಎಂದು ಜನ ಈಗಲೂ ನನಗೆ ಸಮಾಧಾನ ಹೇಳುತ್ತಾರೆ. ನನ್ನ ಸಿಟ್ಟು ಇಳಿಯದಿರುವುದೇ ಅದಕ್ಕೆ.