ರೇಡಿಯೊ ತಳದ ಕಬ್ಬಿಣ

ಬೆಸುಗೆಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಕಾರ್ಖಾನೆಯ ಗೇಟು ದಾಟಿದ ಮೇಲೆ ಅದನ್ನು ಯಾರೂ ಕೇಳಲಿಲ್ಲ. ಸರ್ಕಾರಿ ರೇಡಿಯೊ ಕಾರ್ಖಾನೆಯಲ್ಲಿ ತಂತಿಗಳನ್ನು ಬೆಸೆಯುವ ಹೆಂಗಸರ ಸಾಲಿಗೆ ಅವಳೇ ಹಿರಿಯಳು. ಪಕ್ಕದ ಸ್ಟೂಲಿನವಳು ಗಿಣಿ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರದ ಕಾರಣ ಆ ಹೆಸರು. ಬೆಸುಗೆಯಕ್ಕನ ಗಂಡ ಅದೇ ಕಾರ್ಖಾನೆಯಲ್ಲಿ ಬಡಗಿ, ರೇಡಿಯೊಗೆ ಮರದ ಪೆಟ್ಟಿಗೆ ಮಾಡುವವನು.

ಆಗಿನ ಠೀವಿಯೇ ಠೀವಿ. ರೇಡಿಯೊ ಬೇಕೆಂದವರು ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ದೇಶದಲ್ಲಿ ಬೇರೆ ರೇಡಿಯೊ ಸಿಗುತ್ತಲೇ ಇರಲಿಲ್ಲ ಅನ್ನುವುದನ್ನು ಮಾತ್ರ ಕಾರ್ಖಾನೆಯವರು ಜಾಣತನದಿಂದ ಮರೆತಿದ್ದರು. ಸೈರನ್ ಕೂಗಿದೊಡನೆ ಕಾಲರ್ ಎತ್ತಿಕೊಂಡು ಹೊರಬರುತ್ತಿದ್ದರು. ಅಲ್ಲಿ ಒಳ್ಳೆಯ ರೇಡಿಯೊ ಎಂದರೆ ಭಾರದ ರೇಡಿಯೊ. ತಪಾಸಣೆಯ ಸಾಹೇಬರು ಮೊದಲು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡುತ್ತಿದ್ದರು, ಕಿವಿಗೊಡುತ್ತಿದ್ದದ್ದು ಆಮೇಲೆ.

ಹೀಗಿರುವಾಗ ಗಡಿ ತೆರೆಯಿತು, ಹೊರದೇಶದ ರೇಡಿಯೊಗಳು ಅಂಗಡಿಗೆ ಬಂದವು. ಸಾಹೇಬರು ಒಂದನ್ನು ತಂದು ಎಲ್ಲರೆದುರು ಬಿಚ್ಚಿದರು. ಒಳಗೆ ಅಂಗೈಯಗಲದ ಹಸಿರು ಹಲಗೆ, ನಾಲ್ಕು ತಂತಿ.

“ಅಯ್ಯೋ, ಇದರ ಹೊಟ್ಟೇಲಿ ಏನೂ ಇಲ್ವಲ್ಲ ಅಕ್ಕ! ಪಾಪ, ಉಪವಾಸ ಇರ್ಬೇಕು,” ಎಂದಳು ಗಿಣಿ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸಾಹೇಬರು ಗುಂಡಿ ತಿರುಗಿಸಿದರು. ಅದು ಹಾಡಿತು, ಇವರದಕ್ಕಿಂತ ಚೆನ್ನಾಗಿಯೇ ಹಾಡಿತು. ನಗು ನಿಂತುಹೋಯಿತು.

ಇವರೂ ಅಂಥದೇ ಹಗುರ ರೇಡಿಯೊ ಮಾಡಬೇಕು, ಆ ಹೊಸ ಮಾದರಿ ಮಾರಾಟವಾಗದಿದ್ದರೆ ಕಾರ್ಖಾನೆಗೆ ಬೀಗ ಎಂದು ಮೇಲಿನಿಂದ ಆಜ್ಞೆ ಬಂತು. ದಾರಿ ತೋರಿಸಿದವನು ಬೆಸುಗೆಯಕ್ಕನ ಗಂಡ. “ಕೈಗೆ ಭಾರ ಹತ್ಬೇಕು ಸಾರ್, ಆಗ ಜನ ನಂಬ್ತಾರೆ. ತಳಕ್ಕೊಂದು ಕಬ್ಬಿಣದ ಪ್ಲೇಟು ಹಾಕೋಣ.” ಭಾರವನ್ನೇ ನಂಬಿ ಬದುಕಿದ ಜನಕ್ಕೆ ಇದು ಹುಚ್ಚು ಅನ್ನಿಸಲಿಲ್ಲ. ಅವನ ಫೋಟೊ ಗೇಟಿನ ಬೋರ್ಡಿಗೇರಿತು. ಬೆಸುಗೆಯಕ್ಕನೂ ಅಂದು ಬೀಗಿದಳು.

ಕಾರ್ಖಾನೆಯಲ್ಲಿ ಸೊಗಸಾಗಿ ಮಾತಾಡಿದ ರೇಡಿಯೊಗಳು ಲಾರಿಯಲ್ಲಿ ಕುಲುಕಾಡಿ ಅಂಗಡಿ ಸೇರುವಷ್ಟರಲ್ಲಿ ಗುಂಯ್‌ಗುಡತೊಡಗಿದವು. ರಾಶಿ ರಾಶಿ ವಾಪಸು ಬಂದವು. ಗುಂಯ್ ಎಂದರೆ ಬೆಸುಗೆ ಸಡಿಲ, ಬೆಸುಗೆ ಎಂದರೆ ಹೆಂಗಸರ ಸಾಲು. ಕಾರ್ಖಾನೆಯಲ್ಲಿ ಮೊದಲಿನಿಂದಲೂ ನಡೆದುಬಂದ ಲೆಕ್ಕ ಅದು. ಗೂಬೆಯನ್ನು ಅವರ ತಲೆಯ ಮೇಲೆ ಕೂರಿಸಿ ಇಡೀ ಸಾಲನ್ನೇ ಮನೆಗೆ ಕಳಿಸಿದರು. ಗಿಣಿ ಒಂದೂ ಮಾತಾಡದೆ ಡಬ್ಬಿ ಎತ್ತಿಕೊಂಡು ಹೋದಳು. ಕೆಲವೇ ತಿಂಗಳಲ್ಲಿ ಕಾರ್ಖಾನೆಯೂ ನೆಲಕಚ್ಚಿತು. ಈಗ ಆ ಕಟ್ಟಡದಲ್ಲಿ ಯಾರದೋ ಸೋಫಾಗಳನ್ನು ಪೇರಿಸಿಟ್ಟಿದ್ದಾರೆ.

ಬೆಸುಗೆಯಕ್ಕನ ಮನೆಯಲ್ಲೂ ಅದೇ ಮಾದರಿಯ ಒಂದು ರೇಡಿಯೊ ಇತ್ತು, ಅದೂ ಗುಂಯ್‌ಗುಡುತ್ತಿತ್ತು. ಹಿಂದಿನ ಮುಚ್ಚಳ ತೆಗೆದು ಅವಳು ಎಷ್ಟು ಸಲ ಬೆಸೆದಳೋ! ಗುಂಯ್ ಹೋಗಲಿಲ್ಲ. ರೇಡಿಯೊ ಹಾಕಿದಾಗಲೆಲ್ಲ ಗಂಡ “ಎಲ್ಲಾ ನಿನ್ನ ಕೈಗುಣ” ಎಂದು ನಗುವನು. ಅವಳೂ ಹಾಗೇ ನಂಬಿದಳು. ನನ್ನ ಕೈಯಿಂದಲೇ ಅಷ್ಟು ಮನೆಗಳ ಒಲೆ ಆರಿತು ಎಂದು ಒಳಗೊಳಗೇ ಬೆಂದಳು. ಗಿಣಿ ಎದುರು ಬಂದರೆ ರಸ್ತೆ ದಾಟಿಬಿಡುವಳು.

ಮೊನ್ನೆ ಗಾಳಿಗೆ ಹಿತ್ತಲ ಬಾಗಿಲು ಪದೇ ಪದೇ ಬಡಿಯುತ್ತಿತ್ತು. ಅಡ್ಡ ಇಡಲು ಭಾರದ್ದೇನಾದರೂ ಬೇಕಿತ್ತು. ಅವಳು ರೇಡಿಯೊ ಮಗುಚಿ ತಳದ ಪ್ಲೇಟು ಬಿಚ್ಚಿದಳು. ಮರ ಒಣಗಿ ಸ್ಕ್ರೂಗಳು ಬೆರಳಿಗೇ ತಿರುಗಿ ಬಂದವು. ಕೆಟ್ಟಿತೇನೋ ಎಂದು ಹಾಕಿ ನೋಡಿದರೆ ವಾರ್ತೆ ಓದುವವನು ಎದುರಿಗೇ ಕೂತಂತೆ ಸ್ಪಷ್ಟವಾಗಿ ಮಾತಾಡುತ್ತಿದ್ದ. ಪ್ಲೇಟು ಮತ್ತೆ ಕೂರಿಸಿದಳು, ಗುಂಯ್. ಸಡಿಲವಾದ ಕಬ್ಬಿಣ ದನಿಗೆ ಅದುರುತ್ತಿತ್ತು. ತೆಗೆದಳು, ಸದ್ದಿಲ್ಲ. ಅವಳಿಗೆ ಖುಷಿಯಾಗಲಿಲ್ಲ, ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

ತರಕಾರಿ ಚೀಲ ಹಿಡಿದು ಗಂಡ ಒಳಬಂದ. “ಓಹೋ, ಅಂತೂ ನಿನ್ನ ಬೆಸುಗೆ ಸರಿ ಮಾಡ್ದೆ ಅನ್ನು!”

“ಬೆಸುಗೆ ಮುಟ್ಟಿಲ್ಲ ರೀ. ನಿಮ್ಮ ಪ್ಲೇಟು ಬಿಚ್ಚಿದೆ.”

ಅವನೆದುರೇ ಪ್ಲೇಟು ಇಟ್ಟು ತೆಗೆದು ತೋರಿಸಿದಳು. ಅವನ ಮುಖ ಕಪ್ಪಿಟ್ಟಿತು. “ನಂಗೆ ಗೊತ್ತಿರ್ಲಿಲ್ಲ ಕಣೇ.”

“ಗೊತ್ತಿರ್ಲಿಲ್ಲ, ಒಪ್ಕೋತೀನಿ. ಇಷ್ಟು ವರ್ಷ ಕೈಗುಣ ಅಂತ ನಗ್ತಿದ್ರಲ್ಲ, ಅದು ಗೊತ್ತಿತ್ತಲ್ಲ?”

ಅವನು ತಲೆ ತಗ್ಗಿಸಿದ. “ಈಗ ಏನ್ ಮಾಡ್ಲಿ ಹೇಳು.”

“ಚಪ್ಪಲಿ ಹಾಕ್ಕೊಳ್ಳಿ, ಗಿಣಿ ಮನೆಗೆ ಹೋಗೋಣ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತೀನಿ ಅನ್ಕೋತಾಳೆ. ನೀವೇ ಹೇಳ್ಬೇಕು.”

ಪ್ಲೇಟನ್ನು ಕಂಕುಳಲ್ಲಿ ಅವುಚಿಕೊಂಡು ಅವನು ಹೆಂಡತಿಯ ಹಿಂದೆ ನಡೆದ. ಬಾಗಿಲು ತೆರೆದ ಗಿಣಿಯ ತಲೆ ಪೂರ್ತಿ ನೆರೆತಿತ್ತು. ಅವನು ತಡವರಿಸುತ್ತ ಎಲ್ಲವನ್ನೂ ಹೇಳಿದ. ಗಿಣಿ ಅವನ ಕಡೆ ನೋಡಲೇ ಇಲ್ಲ, ತನ್ನ ಬೆರಳ ತುದಿಯ ಹಳೆಯ ಸುಟ್ಟ ಕಲೆಗಳನ್ನೇ ನೋಡುತ್ತಿದ್ದಳು.

“ಹಾಗಾದ್ರೆ ತಪ್ಪು ನಮ್ಮದಲ್ವಾ ಅಕ್ಕ?”

“ನಮ್ಮದಲ್ಲ ಕಣೇ.”

ಗಿಣಿ ಹೊಸ್ತಿಲ ಮೇಲೆ ಕುಸಿದು ಕೂತು ಅದನ್ನೇ ಮತ್ತೆ ಕೇಳಿದಳು. ಬೆಸುಗೆಯಕ್ಕ ಅವಳ ಪಕ್ಕದಲ್ಲಿ ಕೂತು ಮತ್ತೆ ಹೇಳಿದಳು.