ಕಾಗೆ ಮುಟ್ಟದ ತಾರ್ಲೆ

ಮಾಲವಣದ ಬಂದರು ರಸ್ತೆಯಲ್ಲಿ ಮಧ್ಯಾಹ್ನದ ಹೊತ್ತು ಜನ ಒಬ್ಬರ ಕಾಲನ್ನೊಬ್ಬರು ತುಳಿದುಕೊಂಡು ಎಲ್ಲಿ ನಿಂತಿರುತ್ತಾರೋ ಅದೇ ‘ಭರತಿ’ ಹೋಟೆಲು. ಪುಣೆ, ಕೊಲ್ಹಾಪುರ, ಮುಂಬೈಗಳಿಂದ ಕಾರು ಕಟ್ಟಿಕೊಂಡು ಬಂದವರು ಅಲ್ಲಿ ಹೆಸರು ಬರೆಸಿ, ಬಿಸಿಲಲ್ಲಿ ಬೆವರು ಸುರಿಸಿ, ಒಳಗಿನವರು ಯಾವಾಗ ಏಳುತ್ತಾರೆಂದು ಅವರ ಬಾಯನ್ನೇ ನೋಡುತ್ತಿರುತ್ತಾರೆ. ಪ್ರಮೀಳಾ ಖೋಬ್ರೇಕರ್ ಈ ಹೋಟೆಲಿನ ಮುಂದೆ ಹಾದುಹೋದದ್ದಕ್ಕೆ ಲೆಕ್ಕವಿಲ್ಲ. ಒಳಗೆ ಕಾಲಿಟ್ಟದ್ದು ಮಾತ್ರ ತಾಯಿ ಸತ್ತ ಸೂತಕ ಕಳೆದ ಮರುದಿನ, ಕೈಯಲ್ಲೊಂದು ಸ್ಟೀಲಿನ ಡಬ್ಬಿ ಹಿಡಿದುಕೊಂಡು.

ಬಾಗಿಲಲ್ಲೇ ಅವಳನ್ನು ತಡೆದರು. ಹೊರಗಿನ ತಿಂಡಿತಿನಿಸು ಒಳಗೆ ತರುವಂತಿಲ್ಲವಂತೆ. ಅಣ್ಣ ಸುಧಾಕರ ಮುಂದೆ ಬಂದು, ಇದು ತಿನ್ನೋದಕ್ಕಲ್ಲ, ಸತ್ತವರಿಗೆ, ಅಂದ ಮೇಲೆ ಬಿಟ್ಟರು.

ಸತ್ತವಳು ಬಂದರಿನಲ್ಲಿ ಬುಟ್ಟಿ ಹೊತ್ತು ಮೀನು ಮಾರಿ ಮೂರು ಮಕ್ಕಳನ್ನು ಬೆಳೆಸಿದ ಹೆಂಗಸು. ಮಕ್ಕಳು ಅವಳನ್ನು ಆಯೆ ಎಂದೇ ಕರೆಯುತ್ತಿದ್ದರು. ಸುಧಾಕರ ಮುಂಬೈ ಸೇರಿದ. ಕಿರಿಯ ಉಲ್ಹಾಸ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುವ ಕೆಲಸ ಹಿಡಿದು, ಮದುವೆಯಾಗಿ, ಊರಾಚೆ ಬೇರೆ ಮನೆ ಮಾಡಿದ. ನಡುವಿನವಳು ಪ್ರಮೀಳಾ, ಮನೆಯವರಿಗೆ ಪಮೀ. ದೇವಗಡದ ಕಡೆಯಿಂದ ಅವಳಿಗೊಂದು ಸಂಬಂಧ ಬಂದ ವರ್ಷವೇ ಆಯೆ ಮೀನು ಇಳಿಸುವ ಧಕ್ಕೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಸ್ವಲ್ಪ ದಿನ ತಡೆಯೋಣ ಎಂದರು ಎಲ್ಲರೂ. ದೇವಗಡದವರು ತಡೆಯಲಿಲ್ಲ. ಅಲ್ಲಿಂದ ಮುಂದೆ ಮೀನು ಹೆರೆಯುವುದು, ಉಪ್ಪು ಹಾಕಿ ಒಣಗಿಸುವುದು, ಸಂತೆಗೆ ಹೊರುವುದು, ತಾಯಿಯ ಮೈ ಒರೆಸಿ ಮಗ್ಗುಲು ಬದಲಿಸುವುದು, ಇದೇ ಪ್ರಮೀಳಾಳ ಬದುಕಾಯಿತು. ಕೂದಲು ಅಲ್ಲಿಯೇ ಬೆಳ್ಳಗಾಯಿತು. ತಾಯಿಯ ಹೇಲು ಉಚ್ಚೆ ಬಾಚಿದ ಕೈಯನ್ನು ತೊಳೆದುಕೊಂಡು ಅದೇ ಕೈಯಲ್ಲಿ ಊಟ ಮಾಡಿದವಳು ಅವಳು. ಇಷ್ಟು ವರ್ಷದಲ್ಲಿ ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ.

ಮಾತು ನಿಲ್ಲುವ ಮೊದಲು ಆಯೆ ಇಬ್ಬರು ಗಂಡುಮಕ್ಕಳನ್ನೂ ಹಾಸಿಗೆಯ ಪಕ್ಕ ಕೂರಿಸಿಕೊಂಡು ಒಂದೇ ಒಂದು ಮಾತು ಹೇಳಿದ್ದಳು, ಪಮೀ ಈ ಮನೆಯಲ್ಲೇ ಇರಬೇಕು ಅಂತ. ನೋಡೋಣ ಆಯೆ, ಅಂದಿದ್ದರು ಮಕ್ಕಳು. ನೋಡಿದ್ದೇನೆಂದರೆ, ಸೂತಕದ ಮನೆಗೆ ಬಡಗಿ ಬಂದು ಕೋಣೆಗಳ ಅಳತೆ ತೆಗೆದುಕೊಂಡು ಹೋದ. ಸಮುದ್ರಕ್ಕೆ ಇಷ್ಟು ಹತ್ತಿರದ ಮನೆಯನ್ನು ಪ್ರವಾಸಿಗರಿಗೆ ಕೊಟ್ಟರೆ ಬಂಗಾರ ಎಂದು ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದರು. ಪ್ರಮೀಳಾ ಮುಂಬೈಗೆ ಬಂದು ಅಣ್ಣನ ಮನೆಯ ಹಾಲಿನಲ್ಲಿ ಮಲಗಬಹುದಂತೆ. ಅತ್ತಿಗೆ ನಲಿನಿಗೂ ಕೈಗೊಂದು ಆಸರೆಯಾಗುತ್ತದಂತೆ.

ಇನ್ನು ಅವಳಿಗೆ ಉಳಿದ ಆಸೆಯೆಂದರೆ ಕಾಗೆ. ಸೂತಕ ಕಳೆದ ಮರುದಿನ ಮನೆಮಂದಿಯೆಲ್ಲ ಸೇರಿ ಮೀನಿನೂಟ ಮಾಡಬೇಕು. ಅದಕ್ಕೂ ಮೊದಲು ಸತ್ತವರಿಗೆ ಇಷ್ಟವಾದ ಮೀನನ್ನು ಎಲೆಯಲ್ಲಿ ಬಡಿಸಿ ಹೊರಗಿಡಬೇಕು, ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದರ್ಥ. ಆಗ ಮಕ್ಕಳು ಎಲೆಯ ಮುಂದೆ ಕೈಮುಗಿದು, ಇಂಥದ್ದನ್ನು ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಎಲೆಯ ಮುಂದೆ ಆಡಿದ ಮಾತಿಗೆ ಖೋಬ್ರೇಕರ್ ಮನೆತನದಲ್ಲಿ ಈವರೆಗೆ ಯಾರೂ ತಪ್ಪಿಲ್ಲ. ಎಂಥ ಕುಡುಕರೂ ತಪ್ಪಿಲ್ಲ.

ಈ ಊಟವನ್ನು ಮನೆಯಲ್ಲೇ ಮಾಡೋಣ, ನಾನೊಬ್ಬಳೇ ಅಡುಗೆ ಮಾಡುತ್ತೇನೆ ಎಂದು ಪ್ರಮೀಳಾ ಕೇಳಿಕೊಂಡಳು. ಪಾತ್ರೆ ಯಾರು ಉಜ್ಜುತ್ತಾರೆ ಅಂದಳು ನಲಿನಿ, ಇದುವರೆಗೆ ತಾನೇ ಉಜ್ಜಿದವಳ ಹಾಗೆ. ‘ಭರತಿ’ಯೇ ನಿಗದಿಯಾಯಿತು. ಆಯೆಗೆ ಪ್ರಾಣವಾಗಿದ್ದ ತಾರ್ಲೆ ಬಡವರ ಮೀನು. ಅಂಥ ಅಗ್ಗದ್ದನ್ನು ‘ಭರತಿ’ಯವರು ಮಾಡುವುದಿಲ್ಲ. ಅದಕ್ಕೇ ಪ್ರಮೀಳಾ ಬೆಳಿಗ್ಗೆ ತಾನೇ ಕೊಬ್ಬರಿ ಅರೆದು, ಘಮಕ್ಕೆ ತಿರಫಳದ ಕಾಳು ಜಜ್ಜಿ ಹಾಕಿ, ತಾರ್ಲೆ ಬೇಯಿಸಿ ಡಬ್ಬಿಗೆ ತುಂಬಿದ್ದಳು.

ಒಳಗಿನ ಗದ್ದಲಕ್ಕೆ ಅವಳ ತಲೆ ಗಿರ್ರೆಂದಿತು. ಹುಡುಗನೊಬ್ಬ ಎಂಜಲು ಬಳಿದ ಬಟ್ಟೆಯಲ್ಲೇ ಇವರ ಮೇಜನ್ನೂ ಒರೆಸಿ ಹೋದ. ಪಕ್ಕದ ಮೇಜಿನ ದಪ್ಪ ಮನುಷ್ಯ ಏಡಿಯ ಕಾಲನ್ನು ಚೀಪುವ ಸದ್ದು ಇಷ್ಟು ಜನರ ನಡುವೆಯೂ ಬೇರೆಯಾಗಿ ಕೇಳುತ್ತಿತ್ತು. ಅವನ ಮೊಣಕೈವರೆಗೂ ಸಾರು ಇಳಿದಿತ್ತು. ಅವನ ಹೆಂಡತಿ ಬಾಯಲ್ಲಿದ್ದದ್ದನ್ನು ನುಂಗದೆಯೇ ಇನ್ನೊಂದು ತಟ್ಟೆ ಸಿಗಡಿಗೆ ಕೂಗು ಹಾಕಿದಳು. ಕಾಲಡಿಯಲ್ಲಿ ಮುಳ್ಳು, ಸಿಪ್ಪೆ. ತಟ್ಟೆಗಳಲ್ಲಿ ಅರ್ಧ ತಿಂದು ಬಿಟ್ಟ ಪಾಪ್ಲೆಟ್ಟುಗಳು. ಒಂದೊಂದು ಮೀನಿಗೂ ಬೆಳಗಿನ ಜಾವ ಧಕ್ಕೆಯಲ್ಲಿ ಜಗಳವಾಡಿ ಬೆಳೆದವಳು ಇದನ್ನು ನೋಡಿ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ನುಣ್ಣಗೆ ಬೋಳಿಸಿದ ತಲೆಯ ಸುಧಾಕರ ಕುರ್ಚಿ ಎಳೆದು ಕೂತವನೇ ಸುರಮಯಿ, ಸಿಗಡಿ, ಏಡಿ, ತಿಸ್ರ್ಯಾ ಎನ್ನುವ ಚಿಪ್ಪುಮೀನು ಎಲ್ಲ ತರಿಸಿದ. ಬೇಳೆ ತಿಂದು ತಿಂದು ನಾಲಿಗೆ ಸತ್ತೇ ಹೋಗಿದೆ ಅಂದ. ಸತ್ತದ್ದು ನಾಲಿಗೆ ಮಾತ್ರ ಅನ್ನುವ ಹಾಗಿತ್ತು ಅವನ ದನಿ.

ಎಲೆಯನ್ನು ಹೋಟೆಲಿನ ಹಿಂಬದಿಯಲ್ಲಿಡಲು ಜಾಗ ತೋರಿಸಿದರು. ಅಲ್ಲಿ ಪಾತ್ರೆ ತೊಳೆಯುವ ಕಟ್ಟೆ. ಅದರ ಪಕ್ಕ ಮೂರು ನೀಲಿ ಡ್ರಮ್ಮು ತುಂಬ ಮೀನಿನ ತಲೆ, ಕಿವಿರು, ಕರುಳು. ಡ್ರಮ್ಮಿನ ಅಂಚಿನಲ್ಲಿ, ಗೋಡೆಯ ಮೇಲೆ, ತಗಡಿನ ಮೇಲೆ ಕಾಗೆಗಳೇ ಕಾಗೆಗಳು. ಉಲ್ಹಾಸನಿಗೆ ಖುಷಿಯಾಯಿತು. ಇಷ್ಟು ಕಾಗೆ ಎಲ್ಲಿ ಸಿಗುತ್ತೆ, ಐದೇ ನಿಮಿಷದ ಕೆಲಸ ಅಂದ.

ಪ್ರಮೀಳಾ ನೆಲಕ್ಕೆ ನೀರು ಚಿಮುಕಿಸಿ, ಎಲೆ ಹಾಸಿ, ಅನ್ನ ಮತ್ತು ತಾರ್ಲೆ ಬಡಿಸಿದಳು. ಮೂವರೂ ಕೈಮುಗಿದು ಹಿಂದೆ ಸರಿದು ನಿಂತರು. ಕಾಗೆಗಳು ಎಲೆಯ ಕಡೆ ಕತ್ತು ಹೊರಳಿಸಿದವು, ಅಷ್ಟೆ. ಬೆಳಗಿನಿಂದ ಕರುಳು ತಿಂದು ಹೊಟ್ಟೆ ಬಿರಿಯುವಷ್ಟು ತುಂಬಿಸಿಕೊಂಡವಕ್ಕೆ ತಾರ್ಲೆ ಯಾಕೆ ಬೇಕು? ಅವು ಕೊಕ್ಕನ್ನು ಡ್ರಮ್ಮಿನ ಅಂಚಿಗೆ ಉಜ್ಜಿಕೊಂಡು ಕೂತೇ ಇದ್ದವು.

ಸುಧಾಕರ ಗಂಟಲು ಸರಿಪಡಿಸಿಕೊಂಡು, ಗೋಕರ್ಣಕ್ಕೆ ಹೋಗಿ ವರ್ಷಾಂತಿಕ ಮಾಡುತ್ತೇನೆ ಆಯೆ, ಅಂದ. ಕಾಗೆ ಕದಲಲಿಲ್ಲ. ಹೊಸ ದೋಣಿಗೆ ನಿನ್ನ ಹೆಸರಿಡುತ್ತೇನೆ ಅಂದ ಉಲ್ಹಾಸ. ಒಂದು ಕಾಗೆ ಬಗ್ಗಿ, ಡ್ರಮ್ಮಿನಿಂದ ಇನ್ನೊಂದು ಕರುಳು ಎಳೆದುಕೊಂಡಿತು. ದೊಡ್ಡ ಫೋಟೋ ಮಾಡಿಸಿ ಹಾರ ಹಾಕಿ ಎದುರಿನ ಕೋಣೆಯಲ್ಲೇ ಹಾಕುತ್ತೇನೆ ಅಂದ ಸುಧಾಕರ, ಬಂದ ಪ್ರವಾಸಿಗರೆಲ್ಲ ನೋಡಲಿ ಎಂದು. ಪ್ರಮೀಳಾಳ ಬಾಯಿಗೆ ಹುಳಿನೀರು ಬಂತು. ಡ್ರಮ್ಮಿನ ವಾಸನೆಗಲ್ಲ, ಅಂಥ ವಾಸನೆಯಲ್ಲೇ ಬದುಕಿದವಳು ಅವಳು. ಇಷ್ಟೆಲ್ಲ ಕೊಡುತ್ತೇವೆನ್ನುವವರು ಕೇಳಿದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಡುತ್ತಿದ್ದರಲ್ಲ, ಅದಕ್ಕೆ.

“ದಾದಾ, ಆಯೆಗೆ ಏನು ಬೇಕಿತ್ತು ಅಂತ ನಿಂಗೊತ್ತು,” ಅಂದಳು ಸುಧಾಕರನಿಗೆ ಮೆಲ್ಲಗೆ.

“ಗೊತ್ತಿರೋದನ್ನೆಲ್ಲ ಹೇಳೋಕಾಗುತ್ತಾ ಪಮೀ? ಹೇಳಿದ್ಮೇಲೆ ನಡೆಸ್ಬೇಕಲ್ಲ.”

ಉಲ್ಹಾಸ ಅವಳ ಮುಖ ನೋಡದೆ, “ಅಕ್ಕಾ, ಮೊದಲನೇ ಬುಕಿಂಗ್ ಆಗೋಗಿದೆ,” ಅಂದ.

ಅಷ್ಟರಲ್ಲಿ ನಲಿನಿ ಬಾಗಿಲಿಗೆ ಬಂದು, ಸುರಮಯಿ ತಣ್ಣಗಾಗುತ್ತಿದೆ, ಹುರಿದದ್ದು ಆರಿದ ಮೇಲೆ ತಿನ್ನೋಕಾಗುತ್ತಾ, ಅಂದಳು. ಸುಧಾಕರನಿಗೆ ದಾರಿ ಹೊಳೆದದ್ದು ಆಗಲೇ. ಕಾಗೆ ಬಾರದೇ ಹೋದರೆ ದರ್ಭೆಯಲ್ಲಿ ಕಾಗೆ ಮಾಡಿ ಎಲೆಗೆ ಮುಟ್ಟಿಸುವುದುಂಟು. ದರ್ಭೆಯಂತೂ ಅಲ್ಲಿರಲಿಲ್ಲ. ಅವನು ಜೇಬಿನಲ್ಲಿದ್ದ ಹೋಟೆಲಿನ ಕೈಯೊರೆಸುವ ಕಾಗದ ತೆಗೆದು, ಒಂದು ತುದಿಯನ್ನು ಕೊಕ್ಕಿನ ಹಾಗೆ ತಿರುಚಿ, ಬಗ್ಗಿ ತಾರ್ಲೆಗೆ ಸೋಕಿಸಿದ. ಆಯ್ತು, ನಡೀರಿ, ಅಂದ. ಕಾಗದವನ್ನು ಡ್ರಮ್ಮಿಗೆ ಎಸೆದ.

ಪ್ರಮೀಳಾ ಅವರ ಹಿಂದೆಯೇ ಬಂದು ಕೂತಳು. ಕೂತದ್ದೇನೋ ಹೌದು, ತಿನ್ನಲು ಕೈ ಏಳಲಿಲ್ಲ. ಸುಧಾಕರ ಬಾಯ್ತುಂಬ ಅನ್ನ ಕಲಸಿ ನುಂಗುತ್ತಿದ್ದ. ಅವನ ಬೋಳು ತಲೆಯಿಂದ ಬೆವರು ಕಿವಿಯ ಹಿಂದೆ ಇಳಿದು ಕತ್ತಿನಲ್ಲಿ ಮಡುಗಟ್ಟಿತ್ತು. ಉಲ್ಹಾಸ ತಿಸ್ರ್ಯಾದ ಚಿಪ್ಪುಗಳನ್ನು ನೆಕ್ಕಿ ನೆಕ್ಕಿ ಗುಡ್ಡೆ ಹಾಕುತ್ತಿದ್ದ. ನಲಿನಿ ಹಲ್ಲಿನ ಸಂದಿಗೆ ಸಿಕ್ಕಿದ ಮುಳ್ಳನ್ನು ಉಗುರಿನಲ್ಲಿ ಕೀಳುತ್ತ, ಯಾವ ಕೋಣೆಗೆ ಏಸಿ ಬೇಕು, ಯಾವುದಕ್ಕೆ ಬೇಡ ಎಂದು ಎಣಿಸುತ್ತಿದ್ದಳು. ಆಯೆ ಮಲಗಿದ್ದ ಕೋಣೆಗೆ ಬೇಕೇ ಬೇಕಂತೆ, ಅಲ್ಲಿಂದ ಸಮುದ್ರ ಕಾಣಿಸುತ್ತದಂತೆ.

ಸುಧಾಕರ ತಾನು ಕಚ್ಚಿದ ಸುರಮಯಿಯ ಉಳಿದರ್ಧವನ್ನು ಎಂಜಲು ಕೈಯಲ್ಲೇ ಎತ್ತಿ ತಂಗಿಯ ತಟ್ಟೆಗೆ ಹಾಕಿ, ತಿನ್ನು, ಮುಂಬೈಯಲ್ಲಿ ಇಂಥ ಮೀನು ಸಿಗೋದಿಲ್ಲ, ಅಂದ. ಆ ತುಂಡಿನ ಮೇಲೆ ಅವನ ಹಲ್ಲಿನ ಗುರುತಿತ್ತು. ಪ್ರಮೀಳಾಗೆ ಅಸಹ್ಯ ನೆತ್ತಿಗೇರಿತು. ಬಾಯಿ ಮುಚ್ಚಿಕೊಂಡು ಎದ್ದಳು. ಪಾಪ, ದುಃಖ, ಅಂದಳು ನಲಿನಿ, ಇನ್ನೊಂದು ಸಿಗಡಿ ತೆಗೆದುಕೊಳ್ಳುತ್ತ.

ಹಿಂಬದಿಯಲ್ಲಿ ಎಲೆ ಇಟ್ಟ ಹಾಗೇ ಇತ್ತು. ಪ್ರಮೀಳಾ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸಾಲು ಮೇಜುಗಳ ನಡುವೆ ನಡೆದು ಬಂದು, ಅವರ ತಟ್ಟೆಗಳನ್ನು ಮೊಣಕೈಯಿಂದ ಸರಿಸಿ ನಡುವೆ ಇಟ್ಟಳು. ನಲಿನಿ ಕುರ್ಚಿಯನ್ನು ಕರಕರ ಹಿಂದೆ ಎಳೆದಳು. ಉಲ್ಹಾಸ ಚಿಪ್ಪು ಕೆಳಗೆ ಬಿಟ್ಟ. ಸತ್ತವರಿಗಿಟ್ಟ ಎಲೆಯನ್ನು ಮನೆಯೊಳಕ್ಕೇ ತರುವಂತಿಲ್ಲ, ಇವಳು ಊಟದ ಮೇಜಿಗೆ ತಂದಿದ್ದಳು. ಆಚೆಯ ಇನ್ನೊಂದು ಮೇಜಿನ ಸ್ಥಳೀಯರೊಬ್ಬರು ನೋಡಿ, ಅರ್ಥವಾಗಿ, ತಿನ್ನುವುದನ್ನು ನಿಲ್ಲಿಸಿದರು.

ಅವಳು ನಿಂತುಕೊಂಡೇ ತಾರ್ಲೆಯ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದಳು. ನಲಿನಿ ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡಳು.

“ಕಾಗೆ ಮುಟ್ಟಲಿಲ್ಲ, ನಾನು ಮುಟ್ಟಿದೆ,” ಅಂದಳು ಪ್ರಮೀಳಾ. ದನಿ ಏರಿಸಲಿಲ್ಲ. “ಎಲೆ ಮುಂದೆ ಮಕ್ಕಳು ಹೇಳ್ಬೇಕು ತಾನೇ? ನಾನೂ ಅವಳ ಹೊಟ್ಟೆಯಲ್ಲೇ ಹುಟ್ಟಿದ್ದು. ಆಯೆ, ಪಮೀ ಆ ಮನೆಯಲ್ಲೇ ಇರ್ತಾಳೆ. ಸಾಯೋತನಕ ಇರ್ತಾಳೆ.”

ಇನ್ನೊಂದು ತುತ್ತು ಕಲಸಿದಳು. ಸುಧಾಕರ ಕೈಯಲ್ಲಿದ್ದದ್ದನ್ನು ತಟ್ಟೆಗೆ ಹಾಕಿದ. ಬೆರಳಿಗಂಟಿದ ಸಾರು ಒಣಗುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ಹುಚ್ಚು ಹಿಡಿದಿದೆ ಇವಳಿಗೆ,” ಅಂದಳು ನಲಿನಿ. “ಇವಳು ಹೇಳಿದ್ರೆ ಆಗೋಯ್ತಾ? ಎತ್ತಿಸ್ರೀ ಆ ಎಲೇನ.”

“ಸುಮ್ನಿರು,” ಅಂದ ಸುಧಾಕರ. “ಅವಳು ಹೇಳಿಬಿಟ್ಟಳು.”